ಗ್ಯಾಟ್ಸ್‌ಬಿಯ ಕಾರಿಗೆ ಯಾವ ಬಣ್ಣ?

ಇಂಗ್ಲಿಷ್ ಸಾಹಿತ್ಯ ಓದುವ ವಿದ್ಯಾರ್ಥಿಗಳು ನೆಚ್ಚಿಕೊಳ್ಳುವ ಗೈಡುಗಳಲ್ಲಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಗೊಂದು ಬಣ್ಣದ ಪಟ್ಟಿ ತಪ್ಪದೆ ಇರುತ್ತದೆ. ಹಸಿರು ಎಂದರೆ ಆಸೆ, ಬಿಳಿ ಎಂದರೆ ಮುಗ್ಧತೆ, ಹಳದಿ ಎಂದರೆ ಹಣ, ನೀಲಿ ಎಂದರೆ ಕನಸು, ಬೂದು ಎಂದರೆ ಬಡತನ. ಎಡಕ್ಕೆ ಬಣ್ಣ, ಬಲಕ್ಕೆ ಅರ್ಥ. ಬಾಯಿಪಾಠ ಮಾಡಿದರೆ ಹತ್ತು ಅಂಕದ ಪ್ರಶ್ನೆಗೆ ಮೋಸವಿಲ್ಲ. ಮೋಸ ಹೋಗುವುದು ಕಾದಂಬರಿ.

ಇಂಥ ಪಟ್ಟಿ ನಮಗೆ ಹೊಸದೂ ಅಲ್ಲ, ಅಪರಿಚಿತವೂ ಅಲ್ಲ. ನಾಟ್ಯಶಾಸ್ತ್ರ ರಸಗಳಿಗೆ ಬಣ್ಣ ಹಂಚಿದೆ: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ರೌದ್ರಕ್ಕೆ ಕೆಂಪು, ಕರುಣಕ್ಕೆ ಪಾರಿವಾಳದ ಬೂದು, ಅದ್ಭುತಕ್ಕೆ ಹಳದಿ. ಕೀರ್ತಿ ಬೆಳ್ಳಗಿರುತ್ತದೆ, ಪಾಪ ಕಪ್ಪಗಿರುತ್ತದೆ ಎಂಬ ಕವಿಸಮಯವನ್ನು ಹಳಗನ್ನಡದ ಕವಿಗಳೂ ಪಾಲಿಸಿದರು. ಅಲ್ಲಿ ಅದು ಕವಿ ಮತ್ತು ಓದುಗ ಇಬ್ಬರೂ ಮೊದಲೇ ಒಪ್ಪಿಕೊಂಡ ಕರಾರು. 1925ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ ಕಾದಂಬರಿಗೆ ಅಂಥ ಕರಾರೇನೂ ಇರಲಿಲ್ಲ. ಆದರೂ ಅದರ ಬಣ್ಣಗಳನ್ನು ಜನ ಕವಿಸಮಯದ ಹಾಗೆಯೇ ಓದುತ್ತ ಬಂದಿದ್ದಾರೆ. ಹೀಗೆ ಓದುವುದಕ್ಕೆ ಎಷ್ಟು ಆಧಾರವಿದೆ, ಅದು ಎಲ್ಲಿ ಕೈಕೊಡುತ್ತದೆ ಎಂದು ನೋಡುವುದು ಇಲ್ಲಿನ ಉದ್ದೇಶ.

ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಬಣ್ಣಗಳನ್ನು ಅರಿವಿದ್ದೇ ಬಳಸಿದ ಎನ್ನುವುದರಲ್ಲಿ ತಕರಾರಿಲ್ಲ. ಪುಸ್ತಕದ ಹೆಸರಿನ ಬಗ್ಗೆ ಅವನು ಪಟ್ಟ ಪಾಡನ್ನೇ ನೋಡಬಹುದು. ‘ಗೋಲ್ಡ್-ಹ್ಯಾಟೆಡ್ ಗ್ಯಾಟ್ಸ್‌ಬಿ’ ಎಂಬ ಹೆಸರು ಪರಿಶೀಲನೆಯಲ್ಲಿತ್ತು. ಪುಸ್ತಕ ಅಚ್ಚಿನ ಮನೆ ಸೇರಿದ ಮೇಲೆ, ಬಿಡುಗಡೆಗೆ ಕೆಲವೇ ವಾರ ಇರುವಾಗ, ‘ಅಂಡರ್ ದಿ ರೆಡ್, ವೈಟ್ ಆ್ಯಂಡ್ ಬ್ಲೂ’ ಎಂದು ಇಡೋಣವೇ ಎಂದು ಯುರೋಪಿನಿಂದ ತಂತಿ ಕಳಿಸಿದ. ಆ ಮೂರೂ ಅಮೆರಿಕದ ಬಾವುಟದ ಬಣ್ಣಗಳು. ಹೊತ್ತು ಮೀರಿದ್ದರಿಂದ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಒಪ್ಪಲಿಲ್ಲ. ಆದರೂ ಚಿನ್ನದ ಟೋಪಿ ಪುಸ್ತಕದೊಳಗೆ ಉಳಿಯಿತು. ಮೊದಲ ಪುಟದಲ್ಲಿರುವ ನಾಲ್ಕು ಸಾಲಿನ ಪದ್ಯ, ಅವಳು ಒಲಿಯುವುದಾದರೆ ಚಿನ್ನದ ಟೋಪಿಯನ್ನೂ ತೊಟ್ಟುಕೋ ಎಂದು ಪ್ರೇಮಿಗೆ ಉಪದೇಶ ಮಾಡುತ್ತದೆ. ಅದರ ಕೆಳಗಿರುವ ಕವಿಯ ಹೆಸರು ಫಿಟ್ಜ್‌ಜೆರಾಲ್ಡನೇ ತನ್ನ ಮೊದಲ ಕಾದಂಬರಿಗೆ ಸೃಷ್ಟಿಸಿಕೊಂಡಿದ್ದ ಒಂದು ಪಾತ್ರದ್ದು.

ಹೊದಿಕೆಯ ಕತೆ ಇನ್ನೂ ಸ್ವಾರಸ್ಯದ್ದು. ಫ್ರಾನ್ಸಿಸ್ ಕುಗಾಟ್ ಬರೆದ ಆ ಚಿತ್ರದಲ್ಲಿ ಕಡುನೀಲಿ ರಾತ್ರಿಯ ಆಕಾಶ, ಅದರಲ್ಲಿ ದೇಹವಿಲ್ಲದ ಹೆಣ್ಣಿನ ಮುಖ, ಕೆಂಪು ತುಟಿ, ಒಂದು ಹಸಿರು ಕಣ್ಣೀರು, ಕೆಳಗೆ ಜಾತ್ರೆಯಂಥ ದೀಪಗಳು. ಕಾದಂಬರಿ ಮುಗಿಯುವ ಮೊದಲೇ ಚಿತ್ರ ತಯಾರಾಗಿತ್ತು. ಅದನ್ನು ಬೇರೆ ಯಾವ ಪುಸ್ತಕಕ್ಕೂ ಕೊಡಬೇಡಿ, ನಾನದನ್ನು ಕಾದಂಬರಿಯೊಳಗೆ ಬರೆದುಕೊಂಡುಬಿಟ್ಟಿದ್ದೇನೆ ಎಂದು ಫಿಟ್ಜ್‌ಜೆರಾಲ್ಡ್ ಪರ್ಕಿನ್ಸ್‌ಗೆ ತಿಳಿಸಿದ. ಹೆಮಿಂಗ್‌ವೇಗೆ ಮಾತ್ರ ಆ ಹೊದಿಕೆ ಕಂಡರೆ ಆಗುತ್ತಿರಲಿಲ್ಲ. ಅದನ್ನು ತನ್ನ ನೆನಪುಗಳ ಪುಸ್ತಕದಲ್ಲಿ ಬರೆದೂ ಇಟ್ಟ.

ಇನ್ನು ಪರಂಪರೆಯ ಮಾತು. ಅಮೆರಿಕದ ಕಾದಂಬರಿಗೆ ಬಣ್ಣದ ಗೀಳು ಮೊದಲಿನಿಂದ ಇದೆ. ಹಾಥಾರ್ನ್‌ನ ‘ದಿ ಸ್ಕಾರ್ಲೆಟ್ ಲೆಟರ್’ (1850) ವ್ಯಭಿಚಾರದ ಶಿಕ್ಷೆಯಾಗಿ ಹೆಣ್ಣೊಬ್ಬಳ ಎದೆಯ ಮೇಲೆ ಹೊಲಿದ ಕಡುಗೆಂಪು ಅಕ್ಷರದ ಕತೆ. ವರ್ಷ ಕಳೆದಂತೆ ಊರವರೇ ಆ ಅಕ್ಷರಕ್ಕೆ ಬೇರೆ, ಗೌರವದ ಅರ್ಥ ಕಟ್ಟುತ್ತಾರೆ. ಮರುವರ್ಷ ಬಂದ ಮೆಲ್ವಿಲ್‌ನ ‘ಮೋಬಿ ಡಿಕ್’ 42ನೆಯ ಅಧ್ಯಾಯವನ್ನು ಇಡಿಯಾಗಿ ತಿಮಿಂಗಿಲದ ಬಿಳುಪಿಗೇ ಮೀಸಲಿಟ್ಟಿತು. ಪೂಜ್ಯವಾದ ಬಿಳುಪು ಮತ್ತು ಮೈ ನಡುಗಿಸುವ ಬಿಳುಪು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಬಿಳಿಗೆ ಒಂದೇ ಅರ್ಥ ಹೇಳುವವರ ಬಾಯನ್ನು ಮೆಲ್ವಿಲ್ ಮೊದಲೇ ಮುಚ್ಚಿಸಿದ. ಫಿಟ್ಜ್‌ಜೆರಾಲ್ಡ್ ಬಂದದ್ದು ಇವರ ಹಿಂದೆ. ವ್ಯತ್ಯಾಸ ಇಷ್ಟೇ: ಹಾಥಾರ್ನ್‌ನ ಕೆಂಪನ್ನು ಅದನ್ನು ತೊಟ್ಟವಳೇ ಕಸೂತಿ ಹಾಕಿಕೊಂಡಳು, ಮೆಲ್ವಿಲ್‌ನ ಬಿಳಿ ಸಮುದ್ರದ್ದು. ಗ್ಯಾಟ್ಸ್‌ಬಿಯ ಬಣ್ಣಗಳು ಬಹುಪಾಲು ಅಂಗಡಿಯಿಂದ ಬಂದವು. ಅಂಗಿ, ಸೂಟು, ಕಾರು, ಟ್ಯಾಕ್ಸಿ, ಮುತ್ತಿನ ಹಾರ. ನನ್ನ ಮಟ್ಟಿಗೆ ಇಡೀ ಚರ್ಚೆಯ ಕೀಲಿ ಇರುವುದು ಇಲ್ಲಿ. ಬಣ್ಣ ಏನನ್ನು ಸೂಚಿಸುತ್ತದೆ ಎಂದು ಕೇಳುವುದಕ್ಕಿಂತ ಅದನ್ನು ಯಾರು ಕೊಂಡರು, ಯಾವ ಬೆಳಕಿನಲ್ಲಿ ಯಾರು ನೋಡಿದರು ಎಂದು ಕೇಳಿದರೆ ಈ ಕಾದಂಬರಿ ಹೆಚ್ಚು ಬಾಯಿಬಿಡುತ್ತದೆ.

ಮೊದಲು ಹಸಿರು. ಲಾಂಗ್ ಐಲೆಂಡಿನ ಕೊಲ್ಲಿಯ ಒಂದು ದಡದಲ್ಲಿ ಗ್ಯಾಟ್ಸ್‌ಬಿಯ ಬಂಗಲೆ, ಎದುರು ದಡದಲ್ಲಿ ಅವನು ಐದು ವರ್ಷದ ಹಿಂದೆ ಕಳೆದುಕೊಂಡ ಡೇಜಿಯ ಮನೆ. ಅವಳೀಗ ಟಾಮ್ ಬುಕ್ಯಾನನ್‌ನ ಹೆಂಡತಿ. ಅವಳ ದೋಣಿಕಟ್ಟೆಯ ತುದಿಯಲ್ಲಿ ರಾತ್ರಿಯೆಲ್ಲ ಒಂದು ಹಸಿರು ದೀಪ ಉರಿಯುತ್ತದೆ. ಮೊದಲ ಅಧ್ಯಾಯದ ಕೊನೆಗೆ ಗ್ಯಾಟ್ಸ್‌ಬಿ ಕತ್ತಲಲ್ಲಿ ಅದರತ್ತ ಕೈ ಚಾಚಿ ನಿಂತಿರುತ್ತಾನೆ. ಕೊನೆಯ ಅಧ್ಯಾಯದಲ್ಲಿ ಕತೆ ಹೇಳುವ ನಿಕ್ ಅದೇ ದೀಪವನ್ನು ನೆನೆಯುತ್ತ, ಮುನ್ನೂರು ವರ್ಷಗಳ ಹಿಂದೆ ಡಚ್ ನಾವಿಕರ ಕಣ್ಣಿಗೆ ಬಿದ್ದ ಹಸಿರು ಖಂಡದವರೆಗೆ ಹೋಗುತ್ತಾನೆ. ಈ ಡಚ್ಚರ ಭಾಗ ಹಸ್ತಪ್ರತಿಯಲ್ಲಿ ಮೊದಲ ಅಧ್ಯಾಯದ ಕೊನೆಗಿತ್ತು. ತಿದ್ದುವಾಗ ಫಿಟ್ಜ್‌ಜೆರಾಲ್ಡ್ ಅದನ್ನು ಎತ್ತಿ ಪುಸ್ತಕದ ತುದಿಗೆ ಇಟ್ಟ. ಆ ಒಂದು ಸ್ಥಾನಪಲ್ಲಟ ಗ್ಯಾಟ್ಸ್‌ಬಿಯ ಖಾಸಗಿ ಹಂಬಲವನ್ನು ಒಂದು ದೇಶದ ಹಂಬಲವನ್ನಾಗಿ ಮಾಡಿತು. 1940ರ ಮತ್ತು 50ರ ದಶಕಗಳಲ್ಲಿ ಲಯನಲ್ ಟ್ರಿಲಿಂಗ್, ಮರಿಯಸ್ ಬ್ಯೂಲಿಯಂಥ ವಿಮರ್ಶಕರು ಕಾದಂಬರಿಯನ್ನು ಅಮೆರಿಕದ ಕನಸಿನ ಕತೆಯಾಗಿ ಎತ್ತಿಹಿಡಿದಾಗ ಹಸಿರು ದೀಪ ಅದರ ಲಾಂಛನವೇ ಆಗಿಹೋಯಿತು.

ಗೈಡುಗಳು ಈ ಎರಡು ತುದಿಗಳನ್ನು ಹಿಡಿದುಕೊಂಡು ನಡುವಿನದನ್ನು ಬಿಡುತ್ತವೆ. ದೀಪ ಇನ್ನೊಮ್ಮೆ ಬರುವುದು ಐದನೆಯ ಅಧ್ಯಾಯದಲ್ಲಿ. ಡೇಜಿ ಈಗ ಅವನ ಮನೆಯಲ್ಲೇ, ಅವನ ಪಕ್ಕದಲ್ಲೇ ಇದ್ದಾಳೆ. ಮಂಜು ಇಲ್ಲದಿದ್ದರೆ ನಿನ್ನ ಮನೆ ಕಾಣುತ್ತಿತ್ತು, ಅಲ್ಲಿ ರಾತ್ರಿಯಿಡೀ ಒಂದು ಹಸಿರು ದೀಪ ಇರುತ್ತದೆ ಎನ್ನುತ್ತಾನೆ ಗ್ಯಾಟ್ಸ್‌ಬಿ. ಅವಳು ತಟ್ಟನೆ ಅವನ ತೋಳಿಗೆ ತೋಳು ಸೇರಿಸುತ್ತಾಳೆ. ಅವನು ಮಾತ್ರ ತಾನು ಈಗಷ್ಟೇ ಆಡಿದ ಮಾತಿನಲ್ಲೇ ಮುಳುಗಿಹೋಗಿದ್ದಾನೆ. ಆ ದೀಪ ಇನ್ನು ಬರೀ ದೋಣಿಕಟ್ಟೆಯ ದೀಪ, ಅವನ ಮಾಯಾವಸ್ತುಗಳ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು ಎಂದು ನಿಕ್ ಊಹಿಸುತ್ತಾನೆ. ಹಸಿರೇನೂ ಮಾಸಿಲ್ಲ, ಅಳಿಸಿದ್ದು ದೂರ. ಒಂದು ಸಂಕೇತ ಸತ್ತುಬೀಳುವುದನ್ನು ಕಾದಂಬರಿಯೇ ಕಣ್ಣೆದುರು ತೋರಿಸುವಾಗ ‘ಹಸಿರು = ಆಸೆ’ ಎಂದು ಬರೆದು ಅಡಿಗೆರೆ ಎಳೆಯುವುದು ಹೇಗೆ?

ಅದೂ ಅಲ್ಲದೆ, ಹಸಿರು ದೀಪದಲ್ಲೇ ಕಟ್ಟುಬಿದ್ದಿಲ್ಲ. ಗ್ಯಾಟ್ಸ್‌ಬಿಯ ಕಾರಿನೊಳಗಿನ ಚರ್ಮದ ಆಸನಗಳು ಹಸಿರು. ಮುತ್ತು ಬೇಕಿದ್ದರೆ ಹಸಿರು ಚೀಟಿ ತೋರಿಸು ಎಂದು ಡೇಜಿ ಪಾರ್ಟಿಯಲ್ಲಿ ನಿಕ್‌ನನ್ನು ಛೇಡಿಸುತ್ತಾಳೆ. ಹೆಂಡತಿಗೆ ಬೇರೊಬ್ಬನ ಸಂಗವಿದೆ ಎಂದು ಆಗಷ್ಟೇ ಅರಿತ ಗ್ಯಾರೇಜಿನ ವಿಲ್ಸನ್‌ನ ಮುಖ ಬಿಸಿಲಿನಲ್ಲಿ ಹಸಿರಾಗಿ ಕಾಣುತ್ತದೆ. ಆಸೆ ಎಂಬ ಅರ್ಥವನ್ನು ಆ ಮುಖಕ್ಕೆ ಅಂಟಿಸಲು ಹೋದವರು ಬಹಳ ಸರ್ಕಸ್ ಮಾಡಬೇಕಾಗುತ್ತದೆ. ಅಂತರ್ಯುದ್ಧದ ಕಾಲದಿಂದ ಅಮೆರಿಕದವರು ತಮ್ಮ ನೋಟನ್ನು ಹಸಿರು ಬೆನ್ನಿನದು ಎಂದೇ ಕರೆಯುತ್ತ ಬಂದಿರುವಾಗ ಹಣವನ್ನು ಬರೀ ಹಳದಿಯ ಪಾಲಿಗೆ ಬಿಡುವುದೂ ಕಷ್ಟ.

ಕಾರಿನ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ನಾಲ್ಕನೆಯ ಅಧ್ಯಾಯದಲ್ಲಿ ನಿಕ್ ವರ್ಣಿಸುವ ಆ ಕಾರು ದಟ್ಟ ಕೆನೆಬಣ್ಣದ್ದು. ನಿಕಲ್ ಲೇಪದಿಂದ ಥಳಥಳಿಸುತ್ತದೆ, ಅದರ ಗಾಜುಗಳಲ್ಲಿ ಹತ್ತಾರು ಸೂರ್ಯ. ಅದು ಸುತ್ತಮುತ್ತ ಎಲ್ಲರಿಗೂ ಗೊತ್ತಿರುವ ಕಾರು. ಏಳನೆಯ ಅಧ್ಯಾಯದಲ್ಲಿ ಟಾಮ್ ಅದನ್ನು ಸರ್ಕಸ್ ಗಾಡಿ ಎಂದು ಆಡಿಕೊಳ್ಳುತ್ತಾನೆ. ಸುಡುಬಿಸಿಲಿನ ಆ ದಿನ ಅದನ್ನು ನ್ಯೂಯಾರ್ಕಿಗೆ ಓಡಿಸುವವನೂ ಅವನೇ. ನಡುವೆ ವಿಲ್ಸನ್‌ನ ಗ್ಯಾರೇಜಿನಲ್ಲಿ ಪೆಟ್ರೋಲಿಗೆ ನಿಲ್ಲಿಸುತ್ತಾನೆ. ಮಹಡಿಯ ಕಿಟಕಿಯಿಂದ ಅವನ ಪ್ರೇಯಸಿ, ವಿಲ್ಸನ್‌ನ ಹೆಂಡತಿ ಮರ್ಟಲ್, ಅದನ್ನು ನೋಡಿ ಕಾರು ಟಾಮ್‌ನದೇ ಎಂದುಕೊಳ್ಳುತ್ತಾಳೆ. ಸಂಜೆ ಅದೇ ಕಾರು ಹಿಂದಿರುಗುವಾಗ ಅಡ್ಡ ಓಡಿ ಬಂದು ಪ್ರಾಣ ಬಿಡುತ್ತಾಳೆ. ಚಕ್ರದ ಹಿಂದೆ ಆಗ ಇದ್ದವಳು ಡೇಜಿ.

ಈಗ ಸಾಕ್ಷಿಗಳ ಸರದಿ. ಪಕ್ಕದ ಹೋಟೆಲಿನ ಮೈಕೆಲಿಸ್ ಮೊದಲು ಬಂದ ಪೊಲೀಸನಿಗೆ ಕಾರು ತಿಳಿಹಸಿರು ಎಂದು ಹೇಳುತ್ತಾನೆ. ಆಮೇಲೆ ಇನ್ನೊಬ್ಬ ಮುಂದೆ ಬಂದು ಅದು ಹಳದಿ ಕಾರು, ದೊಡ್ಡದು, ಹೊಸದು ಎನ್ನುತ್ತಾನೆ. ಕೆನೆ, ಹಸಿರು, ಹಳದಿ, ಒಂದೇ ಕಾರಿಗೆ ಮೂರು ಬಣ್ಣ. ನಡುಹಗಲ ಬಿಸಿಲಿಗೂ ಮಬ್ಬುಗತ್ತಲೆಗೂ, ಮೆಚ್ಚಿ ನೋಡುವ ಕಣ್ಣಿಗೂ ಗಾಬರಿಯ ಕಣ್ಣಿಗೂ ಒಂದೇ ಬಣ್ಣ ಕಾಣಿಸದು. ಕೊನೆಗೆ ‘ಹಳದಿ ಕಾರು’ ಎಂಬ ಎರಡೇ ಪದ ಹಿಡಿದು ಹುಡುಕುತ್ತ ಹೊರಟ ವಿಲ್ಸನ್ ಗ್ಯಾಟ್ಸ್‌ಬಿಯ ಈಜುಕೊಳದವರೆಗೆ ಬರುತ್ತಾನೆ. ಹೆಸರು ಹೇಳಿಕೊಟ್ಟವನು ಟಾಮ್. ಬಣ್ಣವನ್ನು ನೆಚ್ಚಿಕೊಂಡು ಅರ್ಥ ಕಟ್ಟಿದವನು ಕಾದಂಬರಿಯೊಳಗೆ ಒಬ್ಬನಿದ್ದರೆ ಅದು ವಿಲ್ಸನ್. ಅವನು ಕೊಂದದ್ದು ನಿರಪರಾಧಿಯನ್ನು. ಬಣ್ಣದ ಪಟ್ಟಿ ಬರೆಯುವವರು ಈ ಪ್ರಸಂಗವನ್ನು ಎರಡು ಸಲ ಓದುವುದು ಒಳ್ಳೆಯದು.

ಹಳದಿಗೂ ಚಿನ್ನಕ್ಕೂ ಇರುವ ಸಂಬಂಧವನ್ನು ಬಹಳ ಜನ ಗುರುತಿಸಿದ್ದಾರೆ. ದೂರದಿಂದ ಚಿನ್ನ, ಹತ್ತಿರ ಹೋದರೆ ಹಳದಿ. ಡೇಜಿ ಎಂಬ ಹೂವಿನ ಎಸಳು ಬಿಳಿ, ಒಡಲು ಹಳದಿ. ಹೊರಗೆ ಕನಸು, ಒಳಗೆ ದುಡ್ಡು ಎಂಬ ವ್ಯಾಖ್ಯಾನ ಈಗ ಸವೆದ ನಾಣ್ಯ. ಡೇನಿಯಲ್ ಷ್ನೈಡರ್ 1964ರಲ್ಲೇ ಈ ಕಾದಂಬರಿಯ ವರ್ಣಸಂಕೇತಗಳಿಗೆ ಒಂದು ಪ್ರತ್ಯೇಕ ಲೇಖನ ಮೀಸಲಿಟ್ಟ. ಅಮೆರಿಕದ ಕಾಲೇಜುಗಳಲ್ಲಿ ಕೃತಿಯೊಳಗೇ ಸಂಕೇತಗಳನ್ನು ಹೆಕ್ಕುವ ವಿಮರ್ಶೆ ಉತ್ತುಂಗದಲ್ಲಿದ್ದ ಕಾಲ ಅದು. ಅದರಿಂದ ಲಾಭವಾಯಿತು, ಇಲ್ಲವೆನ್ನಲಾರೆ. ಅಲ್ಲಿಯವರೆಗೆ ಯಾರೂ ಎಣಿಸದ ಬಣ್ಣಗಳು ಲೆಕ್ಕಕ್ಕೆ ಬಂದವು. ಆದರೆ ಎಣಿಕೆ ಹೆಚ್ಚಿದಷ್ಟೂ ಅಂಗಡಿಯ ಚೀಟಿ ಮರೆಯಾಯಿತು.

ಮರ್ಟಲ್‌ಳನ್ನು ತೆಗೆದುಕೊಳ್ಳಿ. ನ್ಯೂಯಾರ್ಕಿನಲ್ಲಿ ಇಳಿದವಳು ನಾಲ್ಕು ಟ್ಯಾಕ್ಸಿಗಳನ್ನು ಬಿಟ್ಟು ಐದನೆಯದನ್ನು ಹತ್ತುತ್ತಾಳೆ. ಅದು ಹೊಸದು, ನೇರಳೆ ಛಾಯೆಯದು, ಒಳಗೆ ಬೂದು ಹೊದಿಕೆ. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಬಾಳುವ ಹೆಣ್ಣು ಟಾಮ್‌ನ ದುಡ್ಡಿನಲ್ಲಿ ಆರಿಸಿಕೊಂಡ ಬಣ್ಣ ಅದು. ಆ ಗ್ಯಾರೇಜು ಇರುವ ಬೂದಿಯ ಕಣಿವೆಯಿಂದ ತಪ್ಪಿಸಿಕೊಂಡು ಬಂದವಳ ಟ್ಯಾಕ್ಸಿಯ ಒಳಗೂ ಬೂದು ಕಾದಿತ್ತು ಎಂದು ಓದಬಹುದು, ಓದಿದವರೂ ಇದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಆ ನಾಲ್ಕು ಟ್ಯಾಕ್ಸಿಗಳು. ಬೇಡ ಎನ್ನುವ ಸುಖವೂ ಅವಳಿಗೆ ಬಾಡಿಗೆಯದು, ಸಂಜೆಯೊಳಗೆ ತೀರುವಂಥದು.

ಗ್ಯಾಟ್ಸ್‌ಬಿಯ ಅಂಗಿಗಳೂ ಹೀಗೆಯೇ. ಹವಳ, ಸೇಬಿನ ಹಸಿರು, ನೇರಳೆ, ತಿಳಿ ಕಿತ್ತಳೆ. ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಎಸೆಯುತ್ತಾನೆ. ಅವುಗಳ ಮೇಲೆ ಹೆಣೆದ ಅವನ ಹೆಸರಿನ ಅಕ್ಷರಗಳ ಬಣ್ಣ ‘ಇಂಡಿಯನ್ ಬ್ಲೂ’. ಇಂಗ್ಲೆಂಡಿನಲ್ಲಿ ಅವನಿಗೆಂದೇ ಒಬ್ಬ ಆರಿಸಿ ಕಳಿಸುವ ಬಟ್ಟೆಗಳಿವು. ಡೇಜಿ ಅವುಗಳಲ್ಲಿ ಮುಖ ಹುದುಗಿಸಿ ಅಳುತ್ತಾಳೆ. ಈ ಬಣ್ಣಗಳಿಗೆ ಒಂದೊಂದಾಗಿ ಅರ್ಥ ಹಚ್ಚಿದವರಿದ್ದಾರೆ. ಆ ದೃಶ್ಯದ ಬಿಸಿ ಇರುವುದು ರಾಶಿಯಲ್ಲಿ, ಬಿಡಿಬಣ್ಣದಲ್ಲಿ ಹುಡುಕಿದರೆ ಸಿಗದು.

ಹುಟ್ಟು ಶ್ರೀಮಂತರಿಗೂ ಹೊಸ ಶ್ರೀಮಂತರಿಗೂ ಇರುವ ಗೆರೆಯನ್ನು ಒಂದು ಬಣ್ಣ ತೆಗೆದು ತೋರಿಸುವುದಾದರೆ ಅದು ಗುಲಾಬಿ. ಗ್ಯಾಟ್ಸ್‌ಬಿ ಆಕ್ಸ್‌ಫರ್ಡ್‌ನಲ್ಲಿ ಓದಿದವನು ಎಂಬುದನ್ನು ಟಾಮ್ ತಳ್ಳಿಹಾಕುವುದು ಒಂದೇ ಒಂದು ಪುರಾವೆಯ ಮೇಲೆ: ಅವನು ಗುಲಾಬಿ ಸೂಟು ತೊಡುತ್ತಾನೆ. ದಾಖಲೆ ಬೇಡ, ವಿಚಾರಣೆ ಬೇಡ. ಅದೇ ಸೂಟು ಕೊನೆಯ ಬೆಳಗಿನಲ್ಲಿ ಬಿಳಿ ಮೆಟ್ಟಿಲುಗಳ ಮೇಲೆ ನಿಕ್‌ನ ಕಣ್ಣಿಗೆ ಬೆಡಗಿನದಾಗಿ ಕಾಣುತ್ತದೆ.

ಬಿಳಿಯ ಬಗ್ಗೆ ಹೇಳದೆ ಉಳಿದದ್ದೆಲ್ಲ ಹೇಳಿ ಪ್ರಯೋಜನವಿಲ್ಲ. ಮೊದಲ ಅಧ್ಯಾಯದಲ್ಲಿ ಡೇಜಿ, ಅವಳ ಗೆಳತಿ ಜೋರ್ಡನ್ ಇಬ್ಬರೂ ಬಿಳಿ ಉಡುಪಿನಲ್ಲಿ ಗಾಳಿಗೆ ತೇಲುವವರಂತೆ ಸೋಫಾದ ಮೇಲಿದ್ದಾರೆ. ಲೂಯಿವಿಲ್‌ನ ಹಳೆಯ ದಿನಗಳಲ್ಲಿ ಡೇಜಿಯ ಉಡುಪು ಬಿಳಿ, ಅವಳ ಪುಟ್ಟ ಕಾರೂ ಬಿಳಿ. ಹಳೆಯ ಓದು ಇಲ್ಲಿ ಮುಗ್ಧತೆಯನ್ನೋ ಮುಗ್ಧತೆಯ ಸೋಗನ್ನೋ ಕಂಡು ಸುಮ್ಮನಾಗುತ್ತದೆ. ಆದರೆ ಆ ಮೊದಲ ಅಧ್ಯಾಯದ ಊಟದ ಮೇಜಿನಲ್ಲೇ ಟಾಮ್ ಒಂದು ಪುಸ್ತಕದ ಮಾತೆತ್ತುತ್ತಾನೆ. ಗಾಡರ್ಡ್ ಎಂಬವನದಂತೆ, ಬಿಳಿಯರು ಎಚ್ಚರವಾಗಿರದಿದ್ದರೆ ಬಣ್ಣದವರು ಮುಳುಗಿಸಿಬಿಡುತ್ತಾರಂತೆ. ಈ ಪುಸ್ತಕ ಕಲ್ಪಿತ, ಆದರೆ ಮಾದರಿ ನಿಜದ್ದು. ಲೋಥ್ರಾಪ್ ಸ್ಟಾಡರ್ಡ್‌ನ ‘ದಿ ರೈಸಿಂಗ್ ಟೈಡ್ ಆಫ್ ಕಲರ್’ 1920ರಲ್ಲಿ ಬಂದಿತ್ತು. ಪ್ರಕಾಶಕರು ಸ್ಕ್ರಿಬ್ನರ್ಸ್. ಗ್ಯಾಟ್ಸ್‌ಬಿಯ ಪ್ರಕಾಶಕರೂ ಅವರೇ. ಒಂದೇ ಅಂಗಡಿಯ ಸರಕನ್ನು ಅದೇ ಅಂಗಡಿಯ ಇನ್ನೊಂದು ಪುಸ್ತಕದಲ್ಲಿ ಗೇಲಿ ಮಾಡುವ ಧೈರ್ಯ ಫಿಟ್ಜ್‌ಜೆರಾಲ್ಡ್‌ಗಿತ್ತು, ಪರ್ಕಿನ್ಸ್‌ಗೂ ಇತ್ತು.

ಕತೆ ನಡೆಯುವುದು 1922ರ ಬೇಸಿಗೆಯಲ್ಲಿ, ಪುಸ್ತಕ ಬಂದದ್ದು 1925ರ ಏಪ್ರಿಲ್‌ನಲ್ಲಿ. ಈ ನಡುವೆ, 1923ರ ಫೆಬ್ರವರಿಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ಖರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಮರುವರ್ಷದ ವಲಸೆ ಕಾನೂನು ಬಾಗಿಲನ್ನು ಇನ್ನಷ್ಟು ಬಿಗಿಮಾಡಿತು. ಬಿಳಿ ಎಂಬುದು ನ್ಯಾಯಾಲಯದಲ್ಲಿ ತೀರ್ಮಾನವಾಗುತ್ತಿದ್ದ ಕಾಲದಲ್ಲಿ ಡೇಜಿ ತನ್ನ ಬಾಲ್ಯವನ್ನು ಬಿಳಿಯ ಬಾಲ್ಯ ಎಂದು ಕರೆದರೆ ಆ ಮಾತು ಉಡುಪಿನ ಬಣ್ಣದಲ್ಲಿ ಮುಗಿಯುವುದಿಲ್ಲ. ಪ್ಲಾಜಾ ಹೋಟೆಲಿನ ಜಗಳದಲ್ಲಿ ಟಾಮ್, ಕುಟುಂಬ ಹಾಳಾದರೆ ಮುಂದೆ ಕರಿಯರಿಗೂ ಬಿಳಿಯರಿಗೂ ಮದುವೆ ನಡೆಯುತ್ತದೆ ಎಂದು ಕೂಗಾಡುತ್ತಾನೆ. ಇಲ್ಲಿರುವವರೆಲ್ಲ ಬಿಳಿಯರೇ ತಾನೆ ಎಂದು ಗೊಣಗುತ್ತಾಳೆ ಜೋರ್ಡನ್. ಆ ಗೊಣಗಿನಲ್ಲಿ ಸಣ್ಣ ಅನುಮಾನ ಇದೆ: ಹೆಸರು ಬದಲಾಯಿಸಿಕೊಂಡ, ಹುಟ್ಟು ಮರೆಮಾಚಿದ ಗ್ಯಾಟ್ಸ್‌ಬಿಯನ್ನು ಟಾಮ್ ನಿಜಕ್ಕೂ ತನ್ನವನೆಂದು ಎಣಿಸಿದ್ದಾನೆಯೇ? ವಾಲ್ಟರ್ ಬೆನ್ ಮೈಕಲ್ಸ್ 1990ರ ದಶಕದಲ್ಲಿ ಕಾದಂಬರಿಯನ್ನು ಈ ದಿಕ್ಕಿನಿಂದ ಓದಿದ ಮೇಲೆ ಬಿಳಿಯನ್ನು ಮತ್ತೆ ಮುಗ್ಧತೆಯ ಖಾನೆಗೆ ಹಾಕುವುದು ಕಷ್ಟವಾಯಿತು. ಗ್ಯಾಟ್ಸ್‌ಬಿಯೇ ಬಿಳಿಯನೆಂದು ನಟಿಸುತ್ತಿದ್ದ ಕರಿಯ ಎಂದು ವಾದಿಸಿದವರೂ ಬಂದರು. ಅದು ನನಗೆ ಅತಿಯೆನಿಸುತ್ತದೆ, ಪಠ್ಯದ ಬೆಂಬಲವೂ ತೆಳು. ಆದರೆ ಅಂಥ ಅತಿಗೂ ಟಾಮ್‌ನ ಬಾಯಿಯೇ ದಾರಿ ಮಾಡಿಕೊಟ್ಟಿದೆ.

ಈ ಮಾತು ಅಪಘಾತದ ಸ್ಥಳಕ್ಕೂ ತಲುಪುತ್ತದೆ. ಕಾರು ಹಳದಿ ಎಂದು ಪೊಲೀಸರಿಗೆ ಹೇಳಿದವನು ಯಾರು? ಒಳ್ಳೆಯ ಬಟ್ಟೆ ತೊಟ್ಟ ಒಬ್ಬ ಕರಿಯ. ಅವನಿಗೆ ಹೆಸರಿಲ್ಲ. ನಿಕ್ ಅವನ ಬಟ್ಟೆಯನ್ನೂ ಮೈಬಣ್ಣವನ್ನೂ ದಾಖಲಿಸಿ ಮುಂದೆ ಹೋಗುತ್ತಾನೆ. ವಿಮರ್ಶಕರೂ ಅವನನ್ನು ದಾಟಿಕೊಂಡು ಹೋದದ್ದೇ ಹೆಚ್ಚು.

ಬಿಳಿಗೂ ಬೆಲೆ ಇದೆ ಎನ್ನುವುದಕ್ಕೆ ಮುತ್ತಿನ ಹಾರ ಸಾಕ್ಷಿ. ಮದುವೆಯ ಹಿಂದಿನ ದಿನ ಟಾಮ್ ಡೇಜಿಗೆ ಕೊಟ್ಟ ಹಾರದ ಬೆಲೆ 3,50,000 ಡಾಲರ್ ಎಂದು ಕಾದಂಬರಿ ಹೇಳುತ್ತದೆ. ಆ ರಾತ್ರಿ ಅವಳು ಕುಡಿದು, ಹಾರವನ್ನು ವಾಪಸು ಕೊಟ್ಟುಬಿಡಿ ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೇ ಹಾರ ಅವಳ ಕೊರಳಿಗೆ ಬರುತ್ತದೆ, ಮರುದಿನ ಮದುವೆಯಾಗುತ್ತಾಳೆ.

ಬೂದು, ನೀಲಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೂದಿಯ ಕಣಿವೆ ಕಲ್ಪನೆಯ ಕೂಸಲ್ಲ. ಕ್ವೀನ್ಸ್‌ನ ಕೊರೋನಾದಲ್ಲಿ ನಗರದ ಒಲೆಗಳ ಬೂದಿ ಸುರಿಯುತ್ತಿದ್ದ ಗುಡ್ಡಗಳಿದ್ದವು. ಅವನ್ನು ಸಮತಟ್ಟು ಮಾಡಿದ ಜಾಗದಲ್ಲೇ 1939ರ ವಿಶ್ವಮೇಳ ನಡೆಯಿತು. ಆ ಬೂದಿಯ ಮೇಲೆ ಕಣ್ಣಿಟ್ಟಿರುವುದು ಎಕಲ್‌ಬರ್ಗ್ ಎಂಬ ಕಣ್ಣಿನ ವೈದ್ಯನ ಜಾಹೀರಾತು ಫಲಕ: ನೀಲಿ ಕಣ್ಣು, ಹಳದಿ ಕನ್ನಡಕ. ವಿಲ್ಸನ್‌ಗೆ ಅದು ದೇವರ ಕಣ್ಣಾಗಿ ಕಾಣುತ್ತದೆ. ಅದು ಜಾಹೀರಾತು ಕಣಯ್ಯಾ ಎಂದು ಮೈಕೆಲಿಸ್ ತಿಳಿಹೇಳುತ್ತಾನೆ. ಅರ್ಥ ಕಟ್ಟುವವನನ್ನೂ ಅದನ್ನು ಬಿಡಿಸಿ ಹೇಳುವವನನ್ನೂ ಒಂದೇ ಕಿಟಕಿಯ ಮುಂದೆ ನಿಲ್ಲಿಸಿದ್ದಾನೆ ಫಿಟ್ಜ್‌ಜೆರಾಲ್ಡ್.

ಈ ಬಣ್ಣಗಳನ್ನೆಲ್ಲ ನಮಗೆ ತೋರಿಸುತ್ತಿರುವವನು ನಿಕ್ ಕ್ಯಾರವೇ ಎಂಬುದನ್ನು ಬಣ್ಣದ ಚರ್ಚೆ ಅಷ್ಟಾಗಿ ಗಮನಿಸಿಲ್ಲ. ಅವನ ಕಸುಬು ಬಾಂಡ್ ವ್ಯಾಪಾರ. ಬಂದ ಹೊಸದರಲ್ಲಿ ಬ್ಯಾಂಕು, ಸಾಲ, ಹೂಡಿಕೆಗಳ ಮೇಲೆ ಹನ್ನೆರಡು ಪುಸ್ತಕ ಕೊಂಡು ಕಪಾಟಿನಲ್ಲಿ ಜೋಡಿಸುತ್ತಾನೆ. ಕೆಂಪು, ಚಿನ್ನದ ರಟ್ಟಿನ ಆ ಪುಸ್ತಕಗಳು ಅವನಿಗೆ ಟಂಕಸಾಲೆಯಿಂದ ಆಗಷ್ಟೇ ಬಂದ ನಾಣ್ಯಗಳಂತೆ ಕಾಣುತ್ತವೆ. ಪುಸ್ತಕದ ರಟ್ಟಿನಲ್ಲೂ ದುಡ್ಡು ಕಾಣುವ ಕಣ್ಣು ಅದು. ಪಾರ್ಟಿಯ ಸಂಗೀತ ಅವನ ಕಿವಿಗೆ ಹಳದಿಯಾಗಿ ಕೇಳುವುದು, ಗ್ಯಾಟ್ಸ್‌ಬಿಯ ತೋಟ ನೀಲಿಯಾಗುವುದು, ಡೇಜಿ ಚಿನ್ನದ ಹುಡುಗಿಯಾಗುವುದು ಈ ಕಣ್ಣಿನಲ್ಲೇ. ಗ್ಯಾಟ್ಸ್‌ಬಿಗೆ ಆ ಹಸಿರು ದೀಪ ಏನಾಗಿತ್ತು ಎಂಬುದೂ ನಮಗೆ ಗೊತ್ತಿರುವುದು ನಿಕ್‌ನ ಊಹೆಯಿಂದಷ್ಟೇ. ವರ್ಣಸಂಕೇತ ಫಿಟ್ಜ್‌ಜೆರಾಲ್ಡನದು ಎಂದು ಬರೆಯುವ ಮೊದಲು ಅದು ಎಷ್ಟರಮಟ್ಟಿಗೆ ನಿಕ್‌ನದು ಎಂದು ವಿಚಾರಿಸಬೇಕು. ಈ ಕೆಲಸ ಇನ್ನೂ ಬಾಕಿ ಇದೆ ಎಂದು ನನ್ನ ಭಾವನೆ.

ಸಿನಿಮಾಗಳು ಈ ಗೊಂದಲವನ್ನು ಬೇರೆಯೇ ರೀತಿಯಲ್ಲಿ ಬಗೆಹರಿಸಿದವು. 1926ರ ಮೂಕಿಯೂ 1949ರ ಚಿತ್ರವೂ ಕಪ್ಪು-ಬಿಳುಪು. ಮೊದಲನೆಯದರ ಪ್ರತಿ ಈಗ ಉಳಿದಿಲ್ಲ. 1974ರ ಚಿತ್ರದಲ್ಲಿ ರಾಬರ್ಟ್ ರೆಡ್‌ಫರ್ಡ್ ಗುಲಾಬಿ ಸೂಟಿನಲ್ಲಿ ಬಂದ, ಆ ಚಿತ್ರದ ಉಡುಪುಗಳಿಗೆ ಆಸ್ಕರ್ ಬಂತು. ಅಮಿತಾಭ್ ಬಚ್ಚನ್ ಗ್ಯಾಟ್ಸ್‌ಬಿಯ ವ್ಯವಹಾರದ ಗೆಳೆಯ ವುಲ್ಫ್‌ಷೈಮ್ ಆಗಿ ಕೆಲ ನಿಮಿಷ ಕಾಣಿಸಿಕೊಂಡ 2013ರ ಬಾಜ್ ಲರ್ಮನ್ ಚಿತ್ರ ಕಲಾನಿರ್ದೇಶನ, ಉಡುಪು ಎರಡಕ್ಕೂ ಆಸ್ಕರ್ ಗೆದ್ದಿತು. ಅಲ್ಲಿ ಹಸಿರು ದೀಪ ಮತ್ತೆ ಮತ್ತೆ ಮಿನುಗಿ ನೋಡುವವನ ಭುಜ ಹಿಡಿದು ಅಲುಗಿಸುತ್ತದೆ. ಎರಡು ವರ್ಣಚಿತ್ರಗಳಲ್ಲೂ ಕಾರು ಮೊದಲಿನಿಂದ ಕೊನೆಯವರೆಗೆ ಹಳದಿ. ಕ್ಯಾಮೆರಾ ಬೇರೇನು ಮಾಡೀತು? ಅದು ಒಂದು ಬಣ್ಣವನ್ನು ಆರಿಸಲೇಬೇಕು. ಆದರೆ ಕಾರು ಹಳದಿಯೆಂದು ನೋಡುಗನಿಗೆ ಮೊದಲೇ ಗೊತ್ತಿದ್ದರೆ, ತಿಳಿಹಸಿರು ಎಂದವನ ಸಾಕ್ಷ್ಯ ಬರೀ ಗಡಿಬಿಡಿಯ ತಪ್ಪಾಗಿ ಕೇಳುತ್ತದೆ. ಓದುಗನಿಗೆ ಆ ಅನುಕೂಲವಿಲ್ಲ. ಅವನ ಬಳಿ ಇರುವುದು ನಿಕ್‌ನ ಕೆನೆ, ಮೈಕೆಲಿಸ್‌ನ ಹಸಿರು, ಹೆಸರಿಲ್ಲದವನ ಹಳದಿ.